ಚಿಯಾತುರಾ, ಮೊಯ್ನಾಕ್, ಸೋಂಗ್ ಕುಲ್, ತೊರಾಜಾ: ಒಂದೇ ರಜೆ ಇದ್ರೆ ಯಾವುದಕ್ಕೆ ಹೋಗೋದು?

"ಬಾಲಿ ಆಯ್ತು, ಥೈಲ್ಯಾಂಡ್ ಆಯ್ತು, ದುಬೈ ಅಂತೂ ಅರ್ಧ ನಮ್ಮೂರೇ. ಈ ಸಲ ಯಾರೂ ಹೋಗದ ಜಾಗ ಒಂದು ಹೇಳಿ ಮಾರಾಯ್ರೆ." ಇತ್ತೀಚೆಗೆ ನನಗೆ ಬರುವ ಫೋನ್‌ಗಳಲ್ಲಿ ಅರ್ಧ ಹೀಗೇ ಶುರುವಾಗುತ್ತವೆ. ಕುಂಜಿಬೆಟ್ಟಿನ ನನ್ನ ಚಿಕ್ಕಮ್ಮನ ಮಗಳು ಕೇಳಿದಳು. ಅವಳಿಗೂ ಗಂಡನಿಗೂ ಒಟ್ಟಿಗೆ ಸಿಗುವ ರಜೆ ಹತ್ತು ದಿನ. ಕೊಟ್ಟಾರದ ಒಬ್ಬ ಹುಡುಗ ಕೇಳಿದ. ಅವನಿಗೆ ರಜೆ ಬೇಕಾದಷ್ಟು ಉಂಟು, ದುಡ್ಡಿಲ್ಲ. ಇನ್ನೊಬ್ಬರು ಶುದ್ಧ ಸಸ್ಯಾಹಾರಿ, ಮೊಟ್ಟೆ ಕೂಡ ಇಲ್ಲ. ಎಲ್ಲರಿಗೂ ಒಂದೇ ಉತ್ತರ ಕೊಡೋಕಾಗಲ್ಲ, ಅಲ್ವಾ?

ನಾನು ಆರು ವರ್ಷದಲ್ಲಿ ಇಂಥ ನಾಲ್ಕು ಜಾಗಕ್ಕೆ ಹೋಗಿ ಬಂದಿದ್ದೇನೆ. ಜಾರ್ಜಿಯಾದ ಚಿಯಾತುರಾ, ಉಜ್ಬೆಕಿಸ್ತಾನದ ಮೊಯ್ನಾಕ್, ಕಿರ್ಗಿಸ್ತಾನದ ಸೋಂಗ್ ಕುಲ್ ಸರೋವರ, ಇಂಡೋನೇಷ್ಯಾದ ತೊರಾಜಾ. ಇವನ್ನೇ ತೂಗಿ ನೋಡೋಣ. ಅದಕ್ಕೆ ಮೊದಲು ಯಾವ ತಕ್ಕಡಿಯಲ್ಲಿ ತೂಗುವುದು ಅಂತ ಹೇಳಿಬಿಡುತ್ತೇನೆ.

ಮೊದಲನೆಯದು ರಜೆ. ನಮ್ಮ ಕಡೆಯವರು ದುಡ್ಡಿನ ಲೆಕ್ಕ ಹಾಕುತ್ತಾರೆ, ದಿನದ ಲೆಕ್ಕ ಹಾಕಲ್ಲ. ಮಂಗಳೂರಿನಿಂದ ಹೊರಡುವಾಗ ದೆಹಲಿಗೋ ಬೆಂಗಳೂರಿಗೋ ದುಬೈಗೋ ಹೋಗಿ ಅಲ್ಲಿಂದ ಮುಂದೆ ಹಾರಬೇಕು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಬೆಂಗಳೂರು ತಲುಪುವುದೇ ಒಂದು ಸಾಹಸ. ಹಾಗಾಗಿ ಮನೆ ಬಿಟ್ಟ ಮೇಲೆ ಆ ಜಾಗದ ಮಣ್ಣು ಮೆಟ್ಟಲು ಎಷ್ಟು ದಿನ ಬೇಕು ಅಂತ ನೋಡಿ. ಅದನ್ನು ಎರಡರಿಂದ ಗುಣಿಸಿ, ರಜೆಯಿಂದ ಕಳೆಯಿರಿ. ಮೂರು ದಿನಕ್ಕಿಂತ ಕಮ್ಮಿ ಉಳಿದರೆ ಆ ಜಾಗ ಬಿಟ್ಟುಬಿಡಿ.

ಎರಡನೆಯದು ಖರ್ಚು, ಮೂರನೆಯದು ಊಟ, ನಾಲ್ಕನೆಯದು ಮೈ ತಾಳುತ್ತದಾ ಅನ್ನೋದು. ನಾವು ಸಮುದ್ರಮಟ್ಟದ ಜನ, ಡಿಸೆಂಬರ್‌ನಲ್ಲೂ ಫ್ಯಾನ್ ಹಾಕುವವರು. ಚಳಿ, ಎತ್ತರ ಎರಡೂ ನಮಗೆ ಹೊಸತು.

ಐದನೆಯದು ಯಾರೂ ಹೇಳಲ್ಲ, ಆದರೆ ನನಗೆ ಅದೇ ಮುಖ್ಯ. ಕೆಲವು ವರ್ಷದ ಹಿಂದೆ ನಮ್ಮ ಕುಟುಂಬದ ಮನೆಯ ದೈವದ ಕೋಲಕ್ಕೆ ಹೊರಗಿನಿಂದ ನಾಲ್ಕು ಜನ ಬಂದಿದ್ದರು. ಕ್ಯಾಮೆರಾ, ಲೈಟು, ಎಲ್ಲ ಉಂಟು. ಬಂದದ್ದಕ್ಕೆ ಬೇಜಾರಿಲ್ಲ, ಊಟಕ್ಕೂ ಕೂರಿಸಿದೆವು. ಆದರೆ ದೈವ ನಮ್ಮ ದೊಡ್ಡಮ್ಮನ ಹತ್ತಿರ ಮಾತಾಡುವಾಗ, ಅವರು ಕೈಮುಗಿದು ಅಳುತ್ತಾ ನಿಂತಿದ್ದಾಗ, ಒಬ್ಬ ಅವರ ಮುಖದಿಂದ ಒಂದೂವರೆ ಅಡಿ ದೂರದಲ್ಲಿ ಮೊಬೈಲ್ ಹಿಡಿದ. ಆವತ್ತು ನನಗೆ ಗೊತ್ತಾಯಿತು, ನಮ್ಮ ಅಂಗಳವೂ ಯಾರಿಗೋ "ಯಾರೂ ಹೋಗದ ಜಾಗ" ಅಂತ. ಹಾಗಾಗಿ ಪ್ರತಿ ಜಾಗಕ್ಕೂ ಈ ಪ್ರಶ್ನೆ ಕೇಳುತ್ತೇನೆ: ಅಲ್ಲಿ ನಾನು ನೆಂಟನ ಥರ ಇರಬಹುದಾ, ಅಥವಾ ಆ ಮೊಬೈಲ್‌ನವನ ಥರವಾ?

ಚಿಯಾತುರಾ ಮತ್ತು ತ್ಸ್ಕಾಲ್ತುಬೊ, ಜಾರ್ಜಿಯಾ

ನಾಲ್ಕರಲ್ಲಿ ಸುಲಭದ್ದು ಇದೇ. ಮಂಗಳೂರಿನ ಬಜಪೆಯಿಂದ ದುಬೈ, ದುಬೈಯಿಂದ ಮೂರೂವರೆ ಗಂಟೆಯಲ್ಲಿ ರಾಜಧಾನಿ ಟ್ಬಿಲಿಸಿ. ಗಲ್ಫ್ ದೇಶಗಳ ರೆಸಿಡೆನ್ಸ್ ವೀಸಾ ಇದ್ದವರಿಗೆ ಜಾರ್ಜಿಯಾ ವೀಸಾ ಬೇಡ. ಅಂದರೆ ಅಣ್ಣನೋ ಭಾವನೋ ಅಲ್ಲೇ ಇದ್ದರೆ ಅವರನ್ನೂ ಹೊರಡಿಸಬಹುದು. ಊರಿನಿಂದ ಹೋಗುವವರು ಇ-ವೀಸಾ ಮಾಡಿಸಬೇಕು. ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದುಕೊಳ್ಳಿ. ವೀಸಾ ಇದ್ದೂ ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಿಕೊಂಡ ಭಾರತೀಯರಿದ್ದಾರೆ. ನನ್ನನ್ನೂ ಇಪ್ಪತ್ತು ನಿಮಿಷ ನಿಲ್ಲಿಸಿ, ಕಾಗದ ನೋಡಿದ ಮೇಲೆ ಬಿಟ್ಟರು.

ಚಿಯಾತುರಾ ಮ್ಯಾಂಗನೀಸ್ ಗಣಿಯ ಊರು. ಕ್ವಿರಿಲಾ ನದಿಯ ಆಳ ಕಣಿವೆಯಲ್ಲಿ ಪೇಟೆ, ಮೇಲೆ ಬಂಡೆಯ ತುದಿಯಲ್ಲಿ ಗಣಿ. ಕಾರ್ಮಿಕರು ದಿನಾ ಹತ್ತಿ ಇಳಿಯಲಿ ಅಂತ ಸೋವಿಯತ್ ಕಾಲದಲ್ಲಿ, 1954ರಲ್ಲಿ, ಕೇಬಲ್ ಕಾರ್ ಹಾಕಿದರು. ಆಮೇಲೆ ಊರಿಡೀ ತಂತಿ. ಆ ತಗಡಿನ ಡಬ್ಬಗಳು ಈಗ ಓಡಲ್ಲ. 2021ರಲ್ಲಿ ಹೊಸ ಕೇಬಲ್ ಕಾರ್ ಶುರುವಾಯಿತು. ಹಳೆಯದರ ಫೋಟೋ ನೋಡಿ ಆಸೆಪಟ್ಟು ಹೋದರೆ ಸ್ವಲ್ಪ ನಿರಾಸೆ ಆಗುತ್ತದೆ. ಅಲ್ಲಿಂದ ಹತ್ತಿರದಲ್ಲೇ ಕತ್ಸ್ಖಿ ಅಂತ 40 ಮೀಟರ್ ಎತ್ತರದ ಒಂಟಿ ಕಲ್ಲಿನ ಕಂಬ, ಅದರ ತಲೆಯ ಮೇಲೊಂದು ಪುಟ್ಟ ಚರ್ಚು. ಕೆಳಗೆ ನಿಂತು ನೋಡಬೇಕು, ಹತ್ತಲು ಬಿಡಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಕುತೈಸಿ ಪಕ್ಕದ ತ್ಸ್ಕಾಲ್ತುಬೊ. ಬಿಸಿನೀರಿನ ಬುಗ್ಗೆಗಳ ಊರು. ಸ್ಟಾಲಿನ್‌ಗೆ ಅಂತಲೇ ಕಟ್ಟಿದ ಸ್ನಾನದ ಮನೆ ಇದೆ. ಸುತ್ತ ಅರಮನೆಯಂಥ ಆರೋಗ್ಯಧಾಮಗಳು, ಹೆಚ್ಚಿನವು ಪಾಳು ಬಿದ್ದಿವೆ. ಕಂಬಗಳ ನಡುವೆ ಅಂಜೂರದ ಗಿಡ. 1992-93ರಲ್ಲಿ ಅಬ್ಖಾಜಿಯಾದ ಯುದ್ಧದಿಂದ ಓಡಿ ಬಂದವರಿಗೆ ಇಲ್ಲೇ ಜಾಗ ಕೊಟ್ಟಿದ್ದರು, ಎಷ್ಟೋ ಕುಟುಂಬಗಳು ದಶಕಗಟ್ಟಲೆ ಇಲ್ಲೇ ಉಳಿದವು. ಹಾಗಾಗಿ "ಖಾಲಿ ಕಟ್ಟಡ" ಅಂತ ಒಳಗೆ ನುಗ್ಗಬೇಡಿ. ನಾನು ಒಂದು ಮಹಡಿ ಹತ್ತಿ ತಿರುಗಿದರೆ ಎದುರಿಗೆ ಒಗೆದು ಹಾಕಿದ ಮಕ್ಕಳ ಬಟ್ಟೆ. ಸುಮ್ನೆ ಇಳಿದು ಬಂದೆ. ಇಳಿಯುವಾಗ ಕೊಳೆತ ಹಲಗೆಗೆ ಕಾಲು ಹೋಗಿ ಮೊಣಕಾಲು ಕೆತ್ತಿತು, ಅದು ಬೇರೆ.

ಊಟಕ್ಕೆ ಮಾತ್ರ ಇದರ ಮುಂದೆ ಉಳಿದ ಮೂರೂ ನಿಲ್ಲಲ್ಲ. ಮಣ್ಣಿನ ಗಡಿಗೆಯಲ್ಲಿ ಕುದಿಸಿದ ಬೀನ್ಸ್, ಅದಕ್ಕೆ ಲೋಬಿಯೋ ಅಂತಾರೆ. ಬದನೆಗೆ ಅಕ್ರೋಟಿನ ಮಸಾಲೆ ಸುತ್ತಿದ್ದು. ಚೀಸ್ ತುಂಬಿದ ಖಚಾಪುರಿ. ಅಲ್ಲಿನ ಕ್ರೈಸ್ತರು ಉಪವಾಸದ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ. ಹೋಟೆಲ್‌ನಲ್ಲಿ "ಸಮರ್ಖ್ವೋ" ಅಂತ ಕೇಳಿದರೆ ಆ ಅಡುಗೆ ಕೊಡುತ್ತಾರೆ. ನನಗೆ ಒಂಬತ್ತು ದಿನಕ್ಕೆ ಟಿಕೆಟ್ ಸೇರಿ ಸುಮಾರು 85 ಸಾವಿರ ಆಯಿತು.

ಒಂದು ಮಾತು. ಹಳೇ ಗಣಿಯ ಊರು ನೋಡುವ ಆಸೆ ಮಾತ್ರ ಇರುವುದಾದರೆ ಜಾರ್ಜಿಯಾ ಯಾಕೆ? ಕುದುರೆಮುಖಕ್ಕೆ ಹೋಗಿ. 2005ರ ಕೊನೆಗೆ ಗಣಿ ನಿಂತಿತು, ಪಾಚಿ ಹಿಡಿದ ಕ್ವಾರ್ಟರ್ಸ್ ಸಾಲು ಸಾಲು ಉಂಟು. ಕಾರ್ಕಳದಿಂದ ಬೆಳಿಗ್ಗೆ ಹೊರಟರೆ ಸಂಜೆ ಮನೆ.

ಮೊಯ್ನಾಕ್, ಉಜ್ಬೆಕಿಸ್ತಾನ

ಮಲ್ಪೆ ದಕ್ಕೆಯಲ್ಲಿ ನಿಂತಿದ್ದೀರಿ ಅಂತ ಇಟ್ಟುಕೊಳ್ಳಿ. ಬೋಟುಗಳು ಉಂಟು, ಲೈಟ್‌ಹೌಸ್ ಉಂಟು. ನೀರಿಲ್ಲ. ಕಣ್ಣಿಗೆ ಕಾಣುವವರೆಗೂ ಮರಳು, ಚಿಪ್ಪು, ಮುಳ್ಳುಗಿಡ. ನೀರು ಎಲ್ಲಿ ಅಂತ ಕೇಳಿದರೆ ನೂರು ಕಿಲೋಮೀಟರ್‌ಗಿಂತಲೂ ಆಚೆ ಅಂತಾರೆ. ಅದೇ ಮೊಯ್ನಾಕ್.

ಅರಾಲ್ ಸಮುದ್ರ ಒಂದು ಕಾಲಕ್ಕೆ ಜಗತ್ತಿನ ನಾಲ್ಕನೇ ದೊಡ್ಡ ಸರೋವರ. 1960ರಲ್ಲಿ ಸುಮಾರು 68 ಸಾವಿರ ಚದರ ಕಿಲೋಮೀಟರ್ ಇತ್ತು. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆ ಸೇರಿಸಿದರೆ ಅದರ ಎಂಟನೇ ಒಂದು ಪಾಲು ಆಗಬಹುದು. ಅದಕ್ಕೆ ನೀರು ತರುತ್ತಿದ್ದ ಅಮು ದರ್ಯಾ, ಸಿರ್ ದರ್ಯಾ ನದಿಗಳನ್ನು ಸೋವಿಯತ್ ಸರ್ಕಾರ ಹತ್ತಿ ಹೊಲಗಳಿಗೆ ತಿರುಗಿಸಿತು. ಸಮುದ್ರ ಹಿಂದೆ ಹೋಯಿತು. ಮೊಯ್ನಾಕ್‌ನವರು ಮೊದಲು ಕಾಲುವೆ ತೋಡಿ ನೀರಿನ ಬೆನ್ನು ಹಿಡಿದರು. ಮೀನು ಮುಗಿದ ಮೇಲೆ ಕ್ಯಾನಿಂಗ್ ಫ್ಯಾಕ್ಟರಿ ನಿಲ್ಲಬಾರದು ಅಂತ ಬೇರೆ ಸಮುದ್ರದ ಮೀನು ತರಿಸಿ ಡಬ್ಬಕ್ಕೆ ತುಂಬಿದರು. ಅದೂ ನಿಂತಿತು. ಈಗ ಸುಮಾರು ಹತ್ತು ಬೋಟುಗಳ ತುಕ್ಕು ಹಿಡಿದ ಅಸ್ಥಿಪಂಜರ ಸಾಲಾಗಿ ನಿಂತಿದೆ, ಮೇಲೆ ಒಂದು ಪುಟ್ಟ ಮ್ಯೂಸಿಯಂ.

ನಾನು ಒಂದರ ಕೆಳಗೆ ನೆರಳಿಗೆ ಕೂತೆ. ತಗಡಿಗೆ ಬೆರಳು ತಾಗಿಸಿದರೆ ಪದರ ಪದರವಾಗಿ ಉದುರುತ್ತದೆ, ಹಪ್ಪಳದ ಹಾಗೆ. ಗಾಳಿ ಬಂದಾಗ ಒಳಗೆಲ್ಲೋ ಸಡಿಲಾದ ಒಂದು ತುಂಡು ಟಣ್ ಟಣ್ ಅನ್ನುತ್ತಿತ್ತು. ಬಾಯಿಗೆ ಉಪ್ಪು ಹತ್ತಿತು. ಸಮುದ್ರದ ಗಾಳಿಯ ಉಪ್ಪಲ್ಲ, ಧೂಳಿನ ಉಪ್ಪು. ಆ ಧೂಳಲ್ಲಿ ಹತ್ತಿಗೆ ಹೊಡೆದ ಕೀಟನಾಶಕವೂ ಇದೆ, ಉಸಿರಾಟದ ತೊಂದರೆ ಇರುವವರು ಯೋಚಿಸಿ ಹೋಗಿ. ಗಾಳಿ ಜೋರಿದ್ದ ದಿನ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲೇಬೇಕು.

ಕಷ್ಟ ದೂರದ್ದು. ದೆಹಲಿಯಿಂದ ತಾಷ್ಕೆಂಟ್‌ಗೆ ನೇರ ವಿಮಾನ ಇದೆ. ಇ-ವೀಸಾ ಸುಲಭ, 20 ಡಾಲರ್. ಆದರೆ ತಾಷ್ಕೆಂಟ್‌ನಿಂದ ನುಕುಸ್‌ಗೆ ರೈಲಲ್ಲಿ ಇಡೀ ಒಂದು ರಾತ್ರಿ ಮತ್ತು ಮೇಲೆ ಕೆಲವು ಗಂಟೆ, ನುಕುಸ್‌ನಿಂದ ಮೊಯ್ನಾಕ್‌ಗೆ ಇನ್ನೂ 200 ಕಿಲೋಮೀಟರ್. ನಾಲ್ಕು ಗಂಟೆ ನೋಡುವುದಕ್ಕೆ ಇಷ್ಟು ದೂರವಾ ಅಂತ ಕೇಳಿದರೆ, ಬರೀ ಅದಕ್ಕೇ ಆದರೆ ಬೇಡ ಅಂತಲೇ ಹೇಳುತ್ತೇನೆ. ಬರುವಾಗಲೋ ಹೋಗುವಾಗಲೋ ಸಮರ್ಕಂದ್, ಖಿವಾ ಸೇರಿಸಿ. ನುಕುಸ್‌ನ ಸವಿತ್ಸ್ಕಿ ಮ್ಯೂಸಿಯಂ ತಪ್ಪಿಸಬೇಡಿ. ಮಾಸ್ಕೋದಲ್ಲಿ ತೂಗುಹಾಕಲು ಬಿಡದ ಚಿತ್ರಗಳನ್ನು ಇಗೋರ್ ಸವಿತ್ಸ್ಕಿ ಅನ್ನುವವರು ಈ ಮರಳುಗಾಡಿನ ಮೂಲೆಗೆ ತಂದು ಬಚ್ಚಿಟ್ಟರು, 1966ರಲ್ಲಿ ಮ್ಯೂಸಿಯಂ ಶುರು ಮಾಡಿದರು. ನೀರು ಈಗ ಎಲ್ಲಿದೆಯೋ ಅಲ್ಲಿಯವರೆಗೆ ಜೀಪಲ್ಲಿ ಹೋಗಿ ರಾತ್ರಿ ಉಳಿಯುವ ವ್ಯವಸ್ಥೆಯೂ ಇದೆ. ಜೀಪ್ ದುಬಾರಿ, ನಾಲ್ಕು ಜನ ಸೇರಿದರೆ ಪರವಾಗಿಲ್ಲ. ಜೀಪ್ ಬಿಟ್ಟು ಹನ್ನೊಂದು ದಿನಕ್ಕೆ ನನಗೆ 80 ಸಾವಿರದ ಒಳಗೇ ಮುಗಿಯಿತು.

ಊಟ ನಾನ್ ರೊಟ್ಟಿ, ಟೊಮೆಟೊ, ಸೌತೆ, ಮಾಂಸ ಹಾಕಿದ ಅನ್ನ. "ಗೋಷ್ತ್‌ಸಿಜ್" ಅಂದರೆ ಮಾಂಸ ಇಲ್ಲದ್ದು. ಹೇಳಿ ನೋಡಿ, ಕೆಲವು ಕಡೆ ಮಾಂಸದ ತುಂಡು ಎತ್ತಿ ಬದಿಗಿಟ್ಟು ಅನ್ನ ಮಾತ್ರ ಕೊಡುತ್ತಾರೆ. ಜುಲೈಯಲ್ಲಿ 40 ಡಿಗ್ರಿ ದಾಟುತ್ತದೆ, ಜನವರಿಯಲ್ಲಿ ಮೈನಸ್. ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಮಾತ್ರ.

ಸೋಂಗ್ ಕುಲ್, ಕಿರ್ಗಿಸ್ತಾನ

ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಯಾಕೆಂದರೆ ಅಲ್ಲಿ ಏನೂ ಇಲ್ಲ. 3016 ಮೀಟರ್ ಎತ್ತರದಲ್ಲಿ ಒಂದು ಸರೋವರ, ಸುತ್ತ ಹುಲ್ಲು, ಕುದುರೆ, ಕುರಿ. ಮರ ಅನ್ನುವುದು ಒಂದೂ ಇಲ್ಲ, ಒಲೆಗೆ ಬೆರಣಿ. ಬೇಸಿಗೆಯಲ್ಲಿ ಕುರಿ ಕಾಯುವವರು ಕಂಬಳಿಯ ಗುಂಡನೆ ಡೇರೆ ಹಾಕುತ್ತಾರೆ, ನಾವೂ ಅದರಲ್ಲೇ ಮಲಗಬೇಕು. ಡೇರೆಯ ನೆತ್ತಿಯಲ್ಲಿ ಹೊಗೆ ಹೋಗುವ ಚಕ್ರ ಇರುತ್ತದಲ್ಲ, ತುಂದುಕ್, ಅದೇ ಅವರ ದೇಶದ ಬಾವುಟದಲ್ಲೂ ಇರುವುದು.

ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟರೆ ದಾರಿಗೆ ಹಿಮ. ಜುಲೈಯಲ್ಲೂ ರಾತ್ರಿ ಹಲ್ಲು ಕಟಕಟ. ಪಾಯಿಖಾನೆ ಐವತ್ತು ಹೆಜ್ಜೆ ಆಚೆ. ರಾತ್ರಿ ಎರಡಕ್ಕೆ ಹೊರಗೆ ಬಂದರೆ ಚಳಿಗೆ ಕಣ್ಣಲ್ಲಿ ನೀರು, ಮೇಲೆ ಆಕಾಶಗಂಗೆ, ಅಷ್ಟೇ. ನಾನು ದಡ್ಡತನ ಮಾಡಿ ರಾಜಧಾನಿ ಬಿಷ್ಕೆಕ್‌ನಿಂದ ಒಂದೇ ದಿನದಲ್ಲಿ ಮೇಲೆ ಹೋದೆ, ರಾತ್ರಿಯಿಡೀ ತಲೆ ಸಿಡಿಯಿತು. ನೀವು ದಾರಿಯಲ್ಲಿ ಸಿಗುವ ಕೊಚ್ಕೋರ್ ಊರಲ್ಲಿ ಒಂದು ರಾತ್ರಿ ಉಳಿದು ಹೋಗಿ.

ಊಟ ಬ್ರೆಡ್ಡು, ಗಟ್ಟಿ ಕೆನೆ, ಜಾಮ್, ಕುರಿ ಮಾಂಸದ ಸಾರು. "ಎತ್‌ಸಿಜ್" ಅಂದರೆ ಮಾಂಸ ಬೇಡ ಅಂತ ಅರ್ಥ ಆಗುತ್ತದೆ, ಆದರೆ ಆಮೇಲೆ ಕೊಡಲು ಅವರ ಹತ್ತಿರ ಬೇರೆ ಏನೂ ಇರಲ್ಲ. ಪಾಪ, ಅವರೇನು ಮಾಡಿಯಾರು. ಅವಲಕ್ಕಿ, ಚಟ್ನಿಪುಡಿ ಹೊತ್ತುಕೊಂಡು ಹೋಗಿ. ಕುದುರೆ ಹಾಲು ಹುಳಿ ಬರಿಸಿದ ಕುಮಿಸ್ ಕೊಡುತ್ತಾರೆ. ಮೂರು ದಿನ ಇಟ್ಟ ಮಜ್ಜಿಗೆಗೆ ಹೊಗೆ ಹಾಕಿದ ಹಾಗೆ. ಒಂದು ಗುಟುಕಾದರೂ ಕುಡಿಯಿರಿ, ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಅಗ್ಗ. ನಾನು ಹೋದಾಗ ಅಲ್ಲಿನ ಒಂದು ಸೋಮ್ ಹೆಚ್ಚು ಕಮ್ಮಿ ನಮ್ಮ ಒಂದು ರೂಪಾಯಿ, ಹಾಗಾಗಿ ಲೆಕ್ಕವೂ ಸುಲಭ. ಡೇರೆಯಲ್ಲಿ ಒಂದು ರಾತ್ರಿ, ಊಟ ಸೇರಿ, ಎರಡು ಸಾವಿರದ ಒಳಗೆ. ವಿಮಾನ ದುಬಾರಿ ಆದರೆ ದೆಹಲಿಯಿಂದ ಅಲ್ಮಾಟಿಗೆ ಹೋಗಿ, ಕಜಕಿಸ್ತಾನಕ್ಕೆ ನಮಗೆ 14 ದಿನದವರೆಗೆ ವೀಸಾ ಬೇಡ. ಅಲ್ಲಿಂದ ಬಸ್ಸಲ್ಲಿ ಬಿಷ್ಕೆಕ್. ಕಿರ್ಗಿಸ್ತಾನದ ಇ-ವೀಸಾ ಮಾತ್ರ ಮೊದಲೇ ಮಾಡಿಸಿಕೊಂಡಿರಬೇಕು. ಕೊಟ್ಟಾರದ ಹುಡುಗನಿಗೆ ನಾನು ಹೇಳಿದ್ದು ಇದನ್ನೇ.

ನನ್ನ ಐದನೇ ಪ್ರಶ್ನೆಗೆ ಇಲ್ಲಿ ತೊಂದರೆಯೇ ಇಲ್ಲ. ಅವರ ಮನೆ, ಅವರೇ ಕರೆಯುವುದು, ಮಲಗಿದ್ದಕ್ಕೆ ದುಡ್ಡು ಅವರ ಕೈಗೇ ಹೋಗುವುದು.

ತಾನಾ ತೊರಾಜಾ, ಇಂಡೋನೇಷ್ಯಾ

ಸುಲವೇಸಿ ದ್ವೀಪದ ಗುಡ್ಡಗಾಡು. ಬೆಂಗಳೂರಿನಿಂದ ಕೌಲಾಲಂಪುರವೋ ಜಕಾರ್ತವೋ ದಾಟಿ ಮಕಾಸ್ಸರ್, ಅಲ್ಲಿಂದ ರಾತ್ರಿ ಬಸ್ಸಲ್ಲಿ ಎಂಟು ಹತ್ತು ಗಂಟೆ, ಬೆಳಿಗ್ಗೆ ರಾಂತೆಪಾವೋ. ವೀಸಾ ಇಳಿದ ಮೇಲೆ ಕೊಡುತ್ತಾರೆ. ಮಕಾಸ್ಸರ್ ಬಸ್ಸು ನಮ್ಮ ಬೆಂಗಳೂರು ಬಸ್ಸುಗಳಿಗಿಂತ ಚೆನ್ನಾಗಿದೆ, ಕಾಲು ಚಾಚಿ ನಿದ್ದೆ ಮಾಡಬಹುದು. ಎರಡೂ ಕಡೆ ಸೇರಿ ನಾಲ್ಕು ದಿನ ದಾರಿಗೇ ಹೋಗುತ್ತದೆ. ನನಗೆ ಹತ್ತು ದಿನಕ್ಕೆ 90 ಸಾವಿರ.

ಅಲ್ಲಿ ಮನುಷ್ಯ ಸತ್ತರೆ ಕೂಡಲೇ ಸತ್ತ ಅನ್ನಲ್ಲ. ಶವವನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ದೊಡ್ಡ ಕ್ರಿಯೆ ಮಾಡಲು ದುಡ್ಡು ಕೂಡಬೇಕು, ನೆಂಟರು ಸೇರಬೇಕು. ಅಲ್ಲಿಯವರೆಗೆ ಅವರು "ಹುಷಾರಿಲ್ಲದವರು". ನಾನು ಹೋದ ಮನೆಯಲ್ಲಿ ಅಜ್ಜ ತೀರಿ ಏಳು ತಿಂಗಳಾಗಿತ್ತು. ಅಜ್ಜಿ ಎರಡು ಲೋಟ ಕಾಫಿ ತಂದರು. ಒಂದು ನನಗೆ. ಇನ್ನೊಂದನ್ನು ಒಳಗೆ ತೆಗೆದುಕೊಂಡು ಹೋಗಿ, ಅಜ್ಜನ ತಲೆಯ ಹತ್ತಿರ ಇಟ್ಟು, ಮೆಲ್ಲಗೆ ಏನೋ ಹೇಳಿದರು. ಏನು ಹೇಳಿದ್ದು ಅಂತ ಜೊತೆಗಿದ್ದವನನ್ನು ಕೇಳಿದೆ. "ದೂರದಿಂದ ಯಾರೋ ಬಂದಿದ್ದಾರೆ ಅಂತ ಹೇಳಿದ್ರು."

ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಕುಲೆಗಳಿಗೆ (ತೀರಿಹೋದ ಮನೆಯವರಿಗೆ) ಬಾಳೆಲೆ ಹಾಕಿ ಬಡಿಸುವ ಮನೆಯಲ್ಲಿ ಬೆಳೆದವನಿಗೆ ಇದು ವಿಚಿತ್ರ ಅನಿಸಲೇ ಇಲ್ಲ. ಸಣ್ಣಂದಿನಲ್ಲೇ ತೀರಿಹೋದ ಮಕ್ಕಳಿಗೆ ಗಂಡು ಹೆಣ್ಣು ಹುಡುಕಿ ಮದುವೆ ಮಾಡಿಸುವವರು ನಾವು. ತೊರಾಜಾದ ದೊಡ್ಡ ಕ್ರಿಯೆಗಳೂ ಹೆಚ್ಚಾಗಿ ಜುಲೈ-ಆಗಸ್ಟ್‌ನಲ್ಲೇ, ಹೊರಗೆ ದುಡಿಯುವ ಮಕ್ಕಳು ಊರಿಗೆ ಬರುವ ಹೊತ್ತಿಗೆ. ನಮ್ಮ ಕುಟುಂಬದ ಕೋಲಕ್ಕೆ ಮುಂಬೈಯವರು, ಗಲ್ಫಿನವರು ಬರುವ ಹಾಗೆಯೇ. ಯಾರು ಎಷ್ಟು ಕೋಣ, ಎಷ್ಟು ಹಂದಿ ತಂದರು ಅಂತ ಬರೆದಿಟ್ಟುಕೊಳ್ಳುತ್ತಾರೆ, ನಾಳೆ ಅವರ ಮನೆಯ ಕ್ರಿಯೆಗೆ ತೀರಿಸಬೇಕು. ಬಿಳಿ ಚುಕ್ಕೆಯ ಕೋಣಕ್ಕೆ ಒಂದು ಕಾರಿನ ಬೆಲೆ. ಕಂಬಳದ ಕೋಣ ಸಾಕಿದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ಆದರೆ ಅಲ್ಲಿ ಕೋಣ ಓಡುವುದಿಲ್ಲ. ಅಂಗಳದ ನಡುವೆ, ಎಲ್ಲರ ಎದುರಿಗೇ, ಕುತ್ತಿಗೆ ಕಡಿಯುತ್ತಾರೆ. ಒಂದಲ್ಲ, ಹತ್ತಾರು. ನೆಲ ಕೆಂಪಾಗುತ್ತದೆ. ನೋಡಲಾಗದವರು ಕ್ರಿಯೆಗೆ ಹೋಗಬೇಡಿ. ಲೆಮೋ ಬಂಡೆಯಲ್ಲಿ ಸತ್ತವರ ಮರದ ಗೊಂಬೆಗಳ ಸಾಲು, ಲೊಂಡಾ ಗುಹೆ, ದೋಣಿಯ ಹಾಗೆ ಛಾವಣಿ ಇರುವ ಮನೆಗಳು ಇಷ್ಟೇ ನೋಡಿ ಬಂದರೂ ಮೋಸವಿಲ್ಲ.

ಇಲ್ಲಿ ನಾನೂ ತಪ್ಪು ಮಾಡಿದೆ. ಕ್ರಿಯೆಗೆ ಹೋಗುವಾಗ ಕಪ್ಪು ಬಟ್ಟೆ ಹಾಕಿಕೊಂಡೆ, ಸಕ್ಕರೆ, ಒಂದು ಬಂಡಲ್ ಸಿಗರೇಟು ತಂದುಕೊಟ್ಟೆ, ಎಲ್ಲ ಸರಿ. ಆದರೆ ಹೆಣ ಹೊತ್ತು ಹೊರಡುವಾಗ ಒಬ್ಬ ಹುಡುಗಿ ಪೆಟ್ಟಿಗೆ ತಬ್ಬಿ ಕೂಗಿದಳು, ನನ್ನ ಕೈ ತಾನಾಗಿ ಮೊಬೈಲ್ ಎತ್ತಿತು. ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ನೋಡಿದರು. ಬೈಯಲಿಲ್ಲ. ಅವರ ಮುಖ ನಮ್ಮ ದೊಡ್ಡಮ್ಮನ ಹಾಗೇ ಇತ್ತು. ಜೇಬಿಗೆ ಹಾಕಿದ ಮೊಬೈಲನ್ನು ಸಂಜೆಯವರೆಗೆ ತೆಗೆಯಲಿಲ್ಲ.

ಊಟಕ್ಕೆ ಹಂದಿ, ಕೋಣ ಜಾಸ್ತಿ. ಬೇಡದವರಿಗೆ ಅನ್ನ, ಸೋಯಾಬೀನ್ ಹುದುಗಿಸಿ ಮಾಡಿದ ತೆಂಪೆ, ಸೊಪ್ಪು, ಖಾರದ ಚಟ್ನಿ ಸಿಗುತ್ತದೆ, "ತನ್ಪಾ ದಾಗಿಂಗ್" ಅಂತ ಹೇಳಬೇಕು. ಮೀನು ತಿನ್ನುವವರಿಗೆ ಬಿದಿರಲ್ಲಿ ಸುಟ್ಟ ಮೀನು. ಅನ್ನ ಇದ್ದರೆ ನಮ್ಮವರು ಎಲ್ಲಿ ಬೇಕಾದರೂ ಬದುಕುತ್ತಾರೆ.

ಇನ್ನು ಕೆಲವರು ಸೊಕೋತ್ರಾ ಯಾಕಿಲ್ಲ ಅಂತ ಕೇಳುತ್ತಾರೆ, ಆ ಕೊಡೆಯಂಥ ಮರಗಳ ದ್ವೀಪ. ಅದು ಯೆಮನ್‌ಗೆ ಸೇರಿದ್ದು. ಭಾರತ ಸರ್ಕಾರ 2017ರಲ್ಲೇ ಯೆಮನ್ ಪ್ರಯಾಣಕ್ಕೆ ನಿರ್ಬಂಧ ಹಾಕಿದೆ. ಯಾವ ಏಜೆಂಟ್ ಏನೇ ಹೇಳಲಿ, ಪಾಸ್‌ಪೋರ್ಟ್ ನಿಮ್ಮದು. ಜಾವಾದ ಇಜೆನ್ ಜ್ವಾಲಾಮುಖಿಯ ನೀಲಿ ಬೆಂಕಿ ಚೆಂದ. ಆದರೆ ಗಂಧಕದ ಹೊಗೆಯಲ್ಲಿ 70-80 ಕಿಲೋ ಹೊತ್ತು ಏದುಸಿರಿಡುವವರ ಪಕ್ಕ ನಿಂತು ಸೆಲ್ಫಿ ತೆಗೆಯುವ ಸಾಲು ನೋಡಿ ನನಗೆ ಸಾಕಾಯಿತು.

ಹಾಗಾದರೆ ಯಾರಿಗೆ ಯಾವುದು? ಶುದ್ಧ ಸಸ್ಯಾಹಾರಿಗಳಿಗೆ, ಅಪ್ಪ ಅಮ್ಮನ ಜೊತೆ ಹೋಗುವವರಿಗೆ, ರಜೆ ಒಂದು ವಾರ ಮಾತ್ರ ಇರುವವರಿಗೆ ಜಾರ್ಜಿಯಾ. ದುಡ್ಡು ಕಮ್ಮಿ, ಮೈ ಗಟ್ಟಿ, ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ ನಡೆಯುತ್ತದೆ ಅನ್ನುವವರಿಗೆ ಸೋಂಗ್ ಕುಲ್. ತೊರಾಜಾ ಚಿಕ್ಕ ಮಕ್ಕಳ ಜೊತೆ ಬೇಡ, ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡಿದ್ದರೆ ಇನ್ನೂ ಬೇಡ. ಉಳಿದವರು ಕಣ್ಣುಮುಚ್ಚಿ ಹೋಗಿ, ನಾಲ್ಕರಲ್ಲಿ ನಾನು ಮತ್ತೆ ಹೋಗಬೇಕು ಅಂತ ಇರುವುದು ಅಲ್ಲಿಗೇ. ಮೊಯ್ನಾಕ್‌ಗೆ ಹತ್ತು ದಿನಕ್ಕಿಂತ ಕಮ್ಮಿ ಇದ್ದರೆ ಹೊರಡಬೇಡಿ.

ಚಿಕ್ಕಮ್ಮನ ಮಗಳು ಜಾರ್ಜಿಯಾ ಅಂತಲೇ ಇದ್ದಳು. ಮೊನ್ನೆ ಅವಳ ಮನೆಗೆ ಹೋದಾಗ ಫೋಟೋ ತೋರಿಸುತ್ತಾ ಕೂತಿದ್ದೆ, ಅವಳ ಮಾವ ಬಂದು ಪಕ್ಕದಲ್ಲಿ ಕೂತರು. ಮಲ್ಪೆಯಲ್ಲಿ ಮೂವತ್ತು ವರ್ಷ ಮೀನಿನ ಬೋಟು ನಡೆಸುವ ತಾಂಡೇಲರಾಗಿದ್ದವರು, ಈಗ ಮನೆಯಲ್ಲೇ. ಪಾಳು ಅರಮನೆ, ಕುದುರೆ ಯಾವುದಕ್ಕೂ ತುಟಿ ಬಿಚ್ಚಲಿಲ್ಲ. ಮೊಯ್ನಾಕ್‌ನ ಬೋಟು ಬಂದಾಗ ಮೊಬೈಲ್ ಇಸಕೊಂಡು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರು.

"ಇಂಜಿನ್ ಬಿಚ್ಚಿಕೊಂಡು ಹೋಗಿದ್ದಾರಾ, ಅಲ್ಲ ಇಂಜಿನ್ ಸಮೇತ ಬಿಟ್ಟು ಹೋದದ್ದಾ?"

ನಾಲ್ಕು ಗಂಟೆ ಅಲ್ಲೇ ಇದ್ದೆ, ಒಳಗೆ ಬಗ್ಗಿ ನೋಡಿರಲೇ ಇಲ್ಲ. ಗೊತ್ತಿಲ್ಲ ಅಂದೆ. ಈಗ ಅಕ್ಟೋಬರ್‌ಗೆ ಮೂರು ಟಿಕೆಟ್ ನೋಡುತ್ತಿದ್ದಾರೆ. ಮಾವನ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ ಆಗಿದೆ.